ಮಂಜುಳಾ ಓದಿಯೇ ಮಾಡಿದ್ದರು

ಮಂಜುಳಾ, ಫೋರಂನಲ್ಲಿದ್ದ ಆ ಹಳೆಯ ಬರಹವನ್ನು ಅಳಿಸಿಹಾಕಿದ್ದು ನಾನು. ನೀವು ಸುಳ್ಳು ಹೇಳಿರಲಿಲ್ಲ. ಇಷ್ಟು ಬರೆಯಲು ನನಗೆ ಮೂರು ವರ್ಷ ಬೇಕಾಯಿತು — ಈಗಲೂ ನಡುವೆ ಎರಡು ಸಲ ಎದ್ದುಹೋಗಿ ನೀರು ಕುಡಿದು ಬಂದೆ.

ಹೊಸೂರು, ಕೃಷ್ಣಗಿರಿ ಕಡೆಯ ಜಿಮ್ಮುಗಳಲ್ಲಿ ಭಾರ ಎತ್ತುವವರಿಗೆಂದು ಇಂಟರ್ನೆಟ್ಟಿನಲ್ಲಿ ಆ ಫೋರಂ ಕಟ್ಟಿದ್ದು ನಾನೇ. ಶಾಲೆಯಲ್ಲಿ ಗಣಿತದ ಮೇಷ್ಟ್ರು, ಅಲ್ಲಿಯೂ ಮೇಷ್ಟ್ರೇ. ಹೊಸಬರು ಏನು ಕೇಳಿದರೂ ನನ್ನದು ಒಂದೇ ಉತ್ತರ: "ಮೊದಲು ಹುಡುಕಿ ಓದಿ, ಆಮೇಲೆ ಕೇಳಿ." ನಿಯಮವೇನೋ ಒಳ್ಳೆಯದೇ. ಕೇಳಿದ್ದನ್ನೇ ಕೇಳುವವರಿಂದ ತಲೆ ಚಿಟ್ಟು ಹಿಡಿಯುತ್ತದೆ. ಆದರೆ ಹಾಗೆ ಹೇಳುವುದರಲ್ಲಿ ನನಗೊಂದು ಸುಖವೂ ಇತ್ತು — ಅದನ್ನು ಮುಚ್ಚಿಡಲಾರೆ.

ನೀವು ಬೇರಿಕೆಯಿಂದ ದಿನವೂ ಬಸ್ಸು ಹಿಡಿದು ಹೂವಿನ ಫಾರ್ಮಿಗೆ ಬರುವವರು. ಒಮ್ಮೆಯಾದರೂ ಜಿಲ್ಲಾ ಸ್ಪರ್ಧೆಯಲ್ಲಿ ಭಾರ ಎತ್ತಬೇಕೆಂದು ಆಸೆಪಟ್ಟಿದ್ದವರು. ನೀವು ಕೇಳಿದ್ದು ಒಂದೇ ಪ್ರಶ್ನೆ: "ಸಾ, ನೆಲದಿಂದ ರಾಡು ಎತ್ತೋವಾಗ ಸೊಂಟದಾಗೆ ಚಳಕು ಹೊಡೀತೈತೆ. ನಿಲ್ಲಿಸ್ಲಾ, ಬ್ಯಾಡ್ವಾ?"

ನಿಲ್ಲಿಸಿ ಎಂಬ ಒಂದು ಮಾತು ಸಾಕಿತ್ತು. ನಾನು ಬರೆದದ್ದು — ಹುಡುಕಿ ಓದಿ.

ನೀವು ಹುಡುಕಿದಿರಿ. ನಿಮಗೆ ಸಿಕ್ಕಿದ್ದು ನನ್ನದೇ ಬರಹ. ಫೋರಂ ಕಟ್ಟಿದ ಹೊಸದರಲ್ಲಿ, ರಾಡು ಹಿಡಿದು ಮೂರು ತಿಂಗಳೂ ಆಗಿರದಿದ್ದಾಗ ಪಂಡಿತನಂತೆ ಬರೆದದ್ದು. ಸೊಂಟನೋವಿಗೆ ಹೆದರಬೇಡಿ, ಬಿಡದೆ ಎತ್ತಿ, ತಾನಾಗಿ ಹೋಗುತ್ತದೆ ಎಂದು. ನೀವು ಬಿಡದೆ ಎತ್ತಿದಿರಿ. ಎರಡು ವಾರದಲ್ಲಿ ಬೆನ್ನುಮೂಳೆಯ ಡಿಸ್ಕ್ ಜಾರಿ ಆಸ್ಪತ್ರೆ ಸೇರಿದಿರಿ. ಈಗ ಫಾರ್ಮಿನಲ್ಲೂ ನಿಮಗೆ ಕೂತು ಮಾಡುವ ಕೆಲಸವನ್ನಷ್ಟೇ ಕೊಡುತ್ತಾರೆಂದು ಕೇಳಿದ್ದೇನೆ.

ಆಸ್ಪತ್ರೆಯಿಂದ ಫೋರಂನಲ್ಲಿ ಬರೆದಿರಿ: "ಸಾ, ನೀವೇಳ್ದಂಗೆ ಓದ್ಬುಟ್ಟೇ ಮಾಡಿದ್ದು." ನನ್ನ ಆ ಹಳೆಯ ಬರಹ ನೆನಪಾಯಿತು. ಹೋಗಿ ನೋಡಿದೆ. ಅಳಿಸಿದೆ. ಗಾಬರಿಯಲ್ಲಿ ಆಗಿಹೋಯಿತು ಎನ್ನಬಹುದಿತ್ತು — ಇಲ್ಲ, ಯೋಚಿಸಿಯೇ ಮಾಡಿದೆ. ಆಮೇಲೆ ಎಲ್ಲರೆದುರು ಕೇಳಿದೆ: "ಯಾವ ಬರಹ? ತೋರಿಸಿ." ನಿಮಗೆ ತೋರಿಸಲಾಗಲಿಲ್ಲ. ಉಳಿದವರು ನಿಮ್ಮನ್ನು ಸುಳ್ಳಿ ಎಂದು ಆಡಿಕೊಂಡು ನಕ್ಕರು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರಲ್ಲ — ಇಲ್ಲಿ ಮೀಸೆ ನನ್ನದು, ಬಿದ್ದವರು ನೀವು.

ಇನ್ನೊಂದಿದೆ. ನಿಮಗೆ ಗೊತ್ತೋ ಇಲ್ಲವೋ — ಮರುದಿನ ನಿಮ್ಮ ಪತಿ ನಾಗರಾಜಪ್ಪ ನನಗೆ ಫೋನು ಮಾಡಿದ್ದರು.

"ತಪ್ಪಾಯ್ತು ಸಾ. ಅವ್ಳು ಯಾವಾಗ್ಲೂ ಇಂಗೇನೆ, ಓದಲ್ಲ ಗೀದಲ್ಲ, ಮಾಡ್ಬುಡ್ತಾಳೆ. ಮನ್ಸಲ್ಲಿ ಇಟ್ಕೋಬ್ಯಾಡಿ."

ಆಗಲಾದರೂ ಬಾಯಿ ಬಿಡಬಹುದಿತ್ತು. "ಪರವಾಗಿಲ್ಲ ಬಿಡಿ" ಎಂದೆ. ನಿಮ್ಮ ಹೆಸರಿನಲ್ಲಿ ಅವರು ಕೇಳಿದ ಕ್ಷಮೆಯನ್ನು ದೊಡ್ಡ ಮನಸ್ಸು ಮಾಡಿ ಕೊಟ್ಟುಬಿಟ್ಟೆ. ನೆನೆದರೆ ಕೂತಲ್ಲಿ ಕೂರಲಾಗುವುದಿಲ್ಲ.

ಇದನ್ನೇ ಇವತ್ತು ಫೋರಂನಲ್ಲೂ ನನ್ನ ಹೆಸರಿನಲ್ಲಿ ಹಾಕಿದ್ದೇನೆ. ಅದು ಸುಲಭದ ಕೆಲಸ. ಭಾನುವಾರ ಬೇರಿಕೆಗೆ ಬರುತ್ತೇನೆ. ನೀವು ನನ್ನ ಮುಖ ನೋಡಬೇಕೆಂದಿಲ್ಲ, ಕ್ಷಮಿಸಬೇಕೆಂದೂ ಇಲ್ಲ. ನಾನು ಮಾತಾಡಬೇಕಿರುವುದು ನಾಗರಾಜಪ್ಪನವರ ಹತ್ತಿರ. ಮೂರು ವರ್ಷದಿಂದ ಅವರು ನಿಮ್ಮ ಮಾತು ಬಿಟ್ಟು ನನ್ನ ಮಾತು ನಂಬಿಕೊಂಡಿದ್ದಾರೆ.