ಆಮದಾರರ ಸಭೆಯಲ್ಲಿ ಅವ್ವ ಅತ್ತದ್ದು

ಅಪ್ಪ ಸತ್ತಾಗ ಅವ್ವ ಬಾಯಿಬಿಟ್ಟು ಅಳಲಿಲ್ಲ. ಅಳಲು ಬಿಡಲಿಲ್ಲ ಎಂದರೇ ಸರಿ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ವಿಜಾಪುರದ ಕಡೆಯಿಂದ ದುಡಿಯಲು ಬಂದ ನಾವು ಗೋವಾದ ಕೊರ್ತಾಲಿಮ್‌ನಲ್ಲಿ, ಒಂದು ದೊಡ್ಡ ಮನೆಯ ಹಿತ್ತಿಲಿನ ಬಾಡಿಗೆ ಖೋಲಿಯಲ್ಲಿದ್ದೆವು. ಹಳೆಯ ಕೆರೆಯೊಂದರ ಮೆಟ್ಟಿಲು ದುರಸ್ತಿ ಮಾಡುವಾಗ, ಮೊದಲ ಮಳೆಗೆ ಸಡಿಲಾದ ಗೋಡೆ ಅಪ್ಪನ ಮೇಲೆ ಬಿತ್ತು. ಘಟ್ಟದಲ್ಲಿ ಗುಡ್ಡ ಕುಸಿದು ದಾರಿ ಮುಚ್ಚಿದ್ದರಿಂದ ಹೆಣವನ್ನು ನಮ್ಮೂರಿಗೆ ಒಯ್ಯಲಾಗಲಿಲ್ಲ, ಇಲ್ಲೇ ಮಣ್ಣು ಮಾಡಿದರು. ಮನೆಯೊಡತಿಯ ಗಂಡ ಎದೆಬೇನೆಯಿಂದ ಹಾಸಿಗೆ ಹಿಡಿದಿದ್ದ. ಗದ್ದಲವಾದರೆ ಈತನೂ ಉಳಿಯುವುದಿಲ್ಲ ಎಂದು ಆಕೆ ಅವ್ವನ ಕೈ ಹಿಡಿದು ಬೇಡಿಕೊಂಡಳು. ಕೆಟ್ಟವಳಲ್ಲ, ಆಮೇಲೆ ಎಷ್ಟೋ ದಿನ ನಮಗೆ ಗಂಜಿ ಕಳಿಸಿದವಳು. ಅವ್ವ ಬಾಯಿಗೆ ಸೆರಗು ತುರುಕಿಕೊಂಡು ಕೂತಳು.

ನಮ್ಮ ಕಡೆ ಅಳುವುದೆಂದರೆ ಕಣ್ಣೀರು ಹಾಕುವುದಷ್ಟೇ ಅಲ್ಲ. ಹೆಂಗಸರು ಒಬ್ಬರನ್ನೊಬ್ಬರು ತೆಕ್ಕೆಗೆ ಹಿಡಿದು, ಸತ್ತವರ ಗುಣ ಎತ್ತಿ ಹಾಡಿಕೊಂಡು ಅಳುತ್ತಾರೆ. ಬದುಕಿದ್ದಾಗ ಅನ್ನಲಾಗದ್ದನ್ನೂ ಅಂದುಬಿಡುತ್ತಾರೆ, ಬೈಗುಳವೂ ಇರುತ್ತದೆ. ಹಾಗೆ ಅತ್ತು ಕಳಿಸದ ಹೆಣ ದಿಕ್ಕಿಲ್ಲದ ಹೆಣ ಎಂದು ಅವ್ವ ನಂಬಿದ್ದಳು.

ಮರುವರ್ಷ ಕೆಲಸ ಮುಗಿದು, ಆ ಕೆರೆಯ ದಂಡೆಯಲ್ಲೇ ಆಮದಾರರ ಸಭೆ ಸೇರಿತು. ಗೋವಾದಲ್ಲಿ ಶಾಸಕರನ್ನು ಹಾಗೇ ಕರೆಯುವುದು. ತಾವು ಮಾಡಿದ ಕೆಲಸಗಳನ್ನು ವರ್ಷಕ್ಕೊಮ್ಮೆ ಊರಿಗೆ ಒಪ್ಪಿಸುವ ರೂಢಿ ಅವರದು. ಈ ಸಲ ಅಪ್ಪನ ನೆನಪನ್ನೂ ಮಾಡುತ್ತಾರೆ, ಬನ್ನಿ ಎಂದು ಅವರ ಕಡೆಯವನೊಬ್ಬ ಹೇಳಿಹೋದ. ಸತ್ತವರ ನೆನಪು ಮಾಡುವುದೆಂದರೆ ಅವ್ವನಿಗೆ ಒಂದೇ ಅರ್ಥ. ತಲೆಗೆ ನೀರು ಹಾಕಿಕೊಂಡಳು. ಒಬ್ಬಳೇ ಅಳಬಾರದೆಂದು ಪಕ್ಕದ ಖೋಲಿಯ ಚಿಗವ್ವನನ್ನೂ ಕರೆದುಕೊಂಡು ಹೊರಟಳು. ಅಂದು ಅವಳ ಮುಖದಲ್ಲಿ ಹುರುಪಿತ್ತು.

ಆಮದಾರರು ಕೆಲಸಗಳ ಪಟ್ಟಿಯನ್ನು ಕೊಂಕಣಿಯಲ್ಲಿ ಓದಿದರು. ಅಲ್ಲಿನ ಶಾಲೆಗೆ ಹೋಗುತ್ತಿದ್ದ ನನಗೆ ಎಲ್ಲ ತಿಳಿಯುತ್ತಿತ್ತು. ಬೀದಿದೀಪ, ನಲ್ಲಿ, ಬಸ್ಸು ಆದ ಮೇಲೆ, ಹಿರಿಯರು ಬಿಟ್ಟುಹೋದ ಕೆರೆಯನ್ನು ಕಾಯುವುದು ನಮ್ಮ ಧರ್ಮ ಎಂದರು. ಈ ಕೆರೆಗಾಗಿ ಜೀವ ಕೊಟ್ಟ ಕರ್ನಾಟಕದ ಕಾಮಗಾರನಿಗೆ ಎರಡು ನಿಮಿಷ ಮೌನ ಎಂದರು. ಜೀವ ಕೊಟ್ಟನಂತೆ. ಯಾರು ಕೇಳಿದ್ದರು, ಅವನು ಯಾವಾಗ ಕೊಟ್ಟ? ಅಪ್ಪ ಅಲ್ಲಿಗೆ ಹೋದದ್ದು ಪಗಾರಕ್ಕೆ.

ಎಲ್ಲರೂ ಎದ್ದು ತಲೆ ತಗ್ಗಿಸಿದರು. ಅವ್ವ ಮಾತ್ರ ನೆಲಕ್ಕೆ ಕೂತು, ಚಿಗವ್ವನ ಕೊರಳಿಗೆ ಬಿದ್ದು ದನಿ ತೆಗೆದಳು.

“ಮಂದಿಗೆ ಕೆರಿ ಕಟ್ಟಾಕ ಬಂದ್ಯಲ್ಲೋ ನನ್ನ ದೊರಿಯೇ, ನಿನ್ನ ಬಾಯಾಗ ಹನಿ ನೀರ ಬಿಡಾಕ ಯಾರೂ ಇರಲಿಲ್ಲಲ್ಲೋ...”

ಕಾರ್ಯಕರ್ತನೊಬ್ಬ ಓಡಿಬಂದು ‘ಓಗಿ ರಾವ್, ಓಗಿ ರಾವ್’ ಎಂದ. ಅವ್ವ ಹಾಡು ನಿಲ್ಲಿಸಿ, ಇವನಿಗೇನಾಯಿತು ಎಂಬಂತೆ ನನ್ನ ಮುಖ ನೋಡಿದಳು. ಸುಮ್ಮನಿರು ಅನ್ನುತ್ತಿದ್ದಾನೆ, ಇಲ್ಲಿ ಸತ್ತವರಿಗೆ ಹಾಗೇ ಮರ್ಯಾದೆ ಕೊಡುವುದಂತೆ ಎಂದು ಹೇಳಿದೆ.

“ವರ್ಷ ಆತು, ನಾ ಸುಮ್ಮನ ಅದೀನಿ,” ಎಂದಳು ಅವ್ವ. “ಇನ್ನ ಎಷ್ಟ ಸುಮ್ಮನಿರ್ಲವಾ?”

ಆಮದಾರರು ವೇದಿಕೆ ಇಳಿದು ಬಂದು, ಅವಳೇನೆಂದಳು ಎಂದು ನನ್ನನ್ನು ಕೇಳಿದರು. ಕೊಂಕಣಿಯಲ್ಲಿ ಹೇಳಿದೆ. ಅವರ ಮುಖ ಸಣ್ಣದಾಯಿತು. ಆಕೆ ಅಳಲಿ, ಎಷ್ಟು ಹೊತ್ತಾದರೂ ಆಗಲಿ, ನಾವೆಲ್ಲ ನಿಂತಿರುತ್ತೇವೆ ಎಂದರು. ಬಾಯಿಮಾತಿಗೆ ಅಂದದ್ದಲ್ಲ, ನಿಂತರು ಕೂಡ. ಊರಿಗೆ ಊರೇ ಅವ್ವನ ಅಳುವಿಗಾಗಿ ಕಾಯುತ್ತ ನಿಂತಿತು. ಚಿಗವ್ವ ಬೆನ್ನು ಸವರಿದಳು. ಅವ್ವ ಬಾಯಿ ತೆರೆದಳು, ದನಿ ಬರಲಿಲ್ಲ. ಮತ್ತೊಮ್ಮೆ ತೆರೆದಳು. ಅಷ್ಟು ಜನ ದಿಟ್ಟಿಸುತ್ತಿರುವಾಗ, ಹೂಂ ಈಗ ಅಳು ಎಂದರೆ ಯಾರಿಗೆ ಅಳು ಬರುತ್ತದೆ? ಕಡೆಗೆ ಸೆರಗಿನಿಂದ ಮುಖ ಒರೆಸಿಕೊಂಡು, ಮನೆಗೆ ಹೋಗೋಣ ನಡಿ ಎಂದಳು. ನಾವು ರಸ್ತೆಗೆ ಬರುವಷ್ಟರಲ್ಲಿ ಹಿಂದೆ ಭಾಷಣ ಮತ್ತೆ ಶುರುವಾಗಿತ್ತು.

ಆಮೇಲೆ ಆಕೆ ಅಪ್ಪನಿಗಾಗಿ ಅಳಲೇ ಇಲ್ಲ. ಬೇರೆಯವರ ಮನೆಯ ಸಾವಿಗೆ ಹೋದರೂ ಮೂಲೆಯಲ್ಲಿ ಕೂತು ಎದ್ದು ಬರುತ್ತಿದ್ದಳು. ಕೆಲವು ವರ್ಷಗಳ ಮೇಲೆ ಅವ್ವನೂ ಹೋದಳು. ಅಷ್ಟರಲ್ಲಿ ಚಿಗವ್ವ ಊರಿಗೆ ಮರಳಿದ್ದಳು. ಹೆಣದ ಮುಂದೆ ಕೂತ ನನಗೆ ಕಣ್ಣೀರು ಧಾರಾಳವಾಗಿ ಬಂತು, ಹಾಡಿಕೊಂಡು ಅಳಲು ಮಾತ್ರ ಬರಲಿಲ್ಲ. ನನ್ನಂಥ ಹೆಣ್ಣುಮಕ್ಕಳು ಅದನ್ನು ತಾಯಿಯ ಮಗ್ಗುಲಲ್ಲಿ ಕೂತು, ಕೇಳಿ ಕೇಳಿ ಕಲಿಯುತ್ತಾರೆ. ಅವ್ವನಿಂದ ನಾನು ಕೇಳಿದ್ದು ಒಂದೇ ಸಾಲು, ಅದೂ ಅಪ್ಪನಿಗಾಗಿ ಹಾಡಿದ್ದು. ಅವ್ವನನ್ನೂ ಸುಮ್ಮನೇ ಮಣ್ಣಿಗೆ ಕೊಟ್ಟೆವು.