ಪುಟ್ಟಮ್ಮನ ದನಿ

2004ರಲ್ಲಿ ನಾನು ಹಾಸನದಲ್ಲಿ ಕಿರಿಯ ವಕೀಲ. ಮೈಮೇಲೆ ಸೀನಿಯರ್ ಕೊಟ್ಟ ಹಳೇ ಕೋಟು. ಅದರೊಳಗೆ ಆಳಿದ್ದಾನೋ ಇಲ್ಲವೋ ಎಂದು ಕೋರ್ಟಿನ ಜವಾನನಿಗೇ ಅನುಮಾನ. ವಾದಕ್ಕಿಂತ ಮಿಮಿಕ್ರಿಗೆ ಹೆಸರಾಗಿದ್ದೆ.

ಆ ಮಳೆಗಾಲದಲ್ಲಿ ಕೊಣನೂರು ಕಡೆಯ ಪುಟ್ಟಮ್ಮನ ಕೇಸು ಬಂತು. ಅರವತ್ತು ದಾಟಿದ ಹೆಂಗಸು. ಕೊಟ್ಟಿಗೆ ಹಿಂದೆ ನಾಲ್ಕು ಗಾಂಜಾ ಗಿಡ. ಪೊಲೀಸರು ಮಳೆಯಲ್ಲೇ ಬೇರು, ಕೆಸರು ಸಮೇತ ಕಿತ್ತು ತೂಗಿದರು: ಇಪ್ಪತ್ತೊಂದು ಕೆ.ಜಿ. ಇಪ್ಪತ್ತು ಮೀರಿದರೆ ಕಾನೂನಿನಲ್ಲಿ ಅದು ‘ಕಮರ್ಷಿಯಲ್ ಕ್ವಾಂಟಿಟಿ’, ವ್ಯಾಪಾರದ ಪ್ರಮಾಣ. ಜಾಮೀನು ಬಲು ಕಷ್ಟ. ಗಾಂಜಾ ಎಂದರೆ ಹೂಬಿಟ್ಟ ತುದಿಯೇ ಹೊರತು ಅರಕಲಗೂಡು ತಾಲ್ಲೂಕಿನ ಕೆಸರಲ್ಲ ಎಂದು ವಾದಿಸಿದೆ. ನ್ಯಾಯಾಧೀಶರು ನಗಲಿಲ್ಲ. ಯಾಕೆ ಬೆಳೆದೆ ಎಂದು ಅವಳನ್ನೇ ಕೇಳಿದರು.

“ದನಕ್ಕೆ ಒಟ್ಟೆ ಉಬ್ಬರುಸುದ್ರೆ ಆ ಸೊಪ್ಪು ಅರ್ದು ಕುಡಿಸ್ತೀವಿ ಸಾ. ನಾ ಬೀಡಿನೂ ಸೇದಾಕಿಲ್ಲ.”

ತೂಕದ ತಕರಾರು ವಿಚಾರಣೆಯಲ್ಲಿ ನೋಡೋಣವೆಂದು ಜಾಮೀನು ಅರ್ಜಿ ವಜಾ ಆಯಿತು. ಪುಟ್ಟಮ್ಮ ಜೈಲಿಗೆ, ನಾವು ಕ್ಯಾಂಟೀನಿಗೆ.

ಅಲ್ಲಿ ಚರ್ಚೆ ಕಾವೇರಿತು. ಸಾರಾಯಿ ಪಾಕೀಟು ಮಾರೋ ಸರ್ಕಾರಕ್ಕೆ ಗಾಂಜಾ ಮಾತ್ರ ಪಾಪವೇ ಎಂದು ನಮ್ಮ ಸೀನಿಯರ್. ಬಿಟ್ಟರೆ ಕಾಲೇಜು ಹುಡುಗರು ಹಾಳಾಗ್ತಾರೆ ಎಂದು ಸರ್ಕಾರಿ ವಕೀಲರು. ನಾನು ಇಬ್ಬರನ್ನೂ ಅಣಕಿಸಿ, ಕೊನೆಗೆ ಪುಟ್ಟಮ್ಮನ ‘ಬೀಡಿನೂ ಸೇದಾಕಿಲ್ಲ’ ಮಾಡಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಬಾಗಿಲಲ್ಲಿ ಅವಳ ಮಗ ಶಿವಣ್ಣ ನಿಂತಿದ್ದ.

ಬೈಯುತ್ತಾನೆ ಅಂದುಕೊಂಡೆ. ಬೈಯಲಿಲ್ಲ.

“ಒಂದ್ಸಲ ಮನೆತಾವ ಬಂದು ಅವ್ವನಂಗೇ ಕೂಗಿ ಸಾ. ಅವ್ವ ಕೂಗ್ದಿದ್ರೆ ನಮ್ಮ ಹಸ ಕೆಂಪಿ ಸೊರೆ ಬಿಡಾಕಿಲ್ಲ, ಹಾಲೇ ಇಳ್ಸಾಕಿಲ್ಲ. ಕೆಚ್ಚಲು ಬಾತ್ಕಂಡದೆ.”

ಭಾನುವಾರ ಕೊಣನೂರು ಬಸ್ಸು ಹತ್ತಿದೆ. ಕೊಟ್ಟಿಗೆಯಲ್ಲಿ ಪುಟ್ಟಮ್ಮನ ಹಳೇ ಸೀರೆಯನ್ನು ನನ್ನ ಹೆಗಲಿಗೆ ಹೊದಿಸಿದರು. ಸೀನಿಯರ್ ಕೋಟಿಗಿಂತ ಅದೇ ಚೆನ್ನಾಗಿ ಒಪ್ಪಿತು. ಶಿವಣ್ಣ ಹೇಳಿಕೊಟ್ಟಂತೆ, ಅವಳದೇ ದನಿಯಲ್ಲಿ ಕರೆದೆ: “ಬಾರವ್ವಾ ಕೆಂಪಿ.”

ಹಸು ಕಿವಿ ನಿಮಿರಿಸಿತು. ಸೀರೆ ಮೂಸಿತು, ನೆಕ್ಕಿತು. ತಲೆಯೆತ್ತಿ ನನ್ನ ಮುಖ ನೋಡಿತು. ಆಮೇಲೆ ನನ್ನ ಹಿಂದಿದ್ದ ಬಾಗಿಲನ್ನು ನೋಡುತ್ತಾ ನಿಂತಿತು. ಶಿವಣ್ಣ ಕೆಚ್ಚಲಿಗೆ ಕೈ ಹಾಕಿದ. ಪಾತ್ರೆಯಲ್ಲಿ ಸದ್ದಾಗಲಿಲ್ಲ.

ಹೈಕೋರ್ಟಿನಲ್ಲಿ ಜಾಮೀನಾಗಿ ಪುಟ್ಟಮ್ಮ ಮನೆ ಸೇರುವ ಹೊತ್ತಿಗೆ ಕೆಂಪಿಯ ಹಾಲು ಬತ್ತಿತ್ತು.

ಅವಳ ಪರವಾಗಿ ಮಾತಾಡಿದೆ, ಅವಳ ಹಾಗೆಯೂ ಮಾತಾಡಿದೆ. ಎರಡೂ ಅವಳನ್ನು ಆ ಬಾಗಿಲಿಗೆ ತರಲಿಲ್ಲ. ಗಾಂಜಾ ಕಾನೂನುಬದ್ಧ ಆಗಬೇಕೋ ಬೇಡವೋ ಎಂದು ಈಗಲೂ ಯಾರಾದರೂ ಕೇಳುತ್ತಾರೆ. ಎರಡೂ ಕಡೆಯ ವಾದ ನನಗೆ ಬಾಯಿಪಾಠ, ದನಿ ಸಮೇತ. ಆದರೆ ಸಾಕಾಗಿದೆ. ಮೊದಲು ಕೆಸರು ತೊಳೆದು ತೂಗಿ ಅನ್ನುತ್ತೇನೆ, ನನ್ನದೇ ದನಿಯಲ್ಲಿ.