ಭಂಡಾರ ಬಿದ್ದ ಕಲ್ಲು

ಮಕ್ತಲ್ ಕಡೆಯ ನಮ್ಮೂರಿಗೆ ಯಾರೇ ಬಂದರೂ ನಾನು ಮೊದಲು ಕರೆದೊಯ್ಯುವುದು ಕೃಷ್ಣೆಯ ದಂಡೆಯ ಹೊಲಗಳಿಗೆ. ಅಲ್ಲಿ ಆಳೆತ್ತರದ ಕಲ್ಲುಗಳು ನಿಂತಿವೆ. ಯಾವ ಕಾಲದವರು ನಿಲ್ಲಿಸಿದರೋ, ಹೇಳಿ ಹೋದವರಿಲ್ಲ. ಅವುಗಳ ನಡುವೆ ಕುರಿ ಮೇಯಿಸುತ್ತಿದ್ದ ನಮ್ಮ ನೆರೆಮನೆಯ ಆಯಿ ಮಾತ್ರ ಒಡತಿಯಂತೆ ಓಡಾಡುತ್ತಿದ್ದಳು. ಒಂದು ಕಲ್ಲು ಅವಳ ಮನೆದೇವರು ಬೀರಪ್ಪ. ಹಾದುಹೋಗುವಾಗೆಲ್ಲ ಅದರ ಮೈ ಸವರಿ, ಅಂಗೈಯನ್ನು ಹಣೆಗೆ ಒತ್ತಿಕೊಳ್ಳುವಳು.

ನೋಡಲು ಬಂದವರು ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಹಳೆಯ ಕಾಲದ ಗೋರಿಗಳು ಎಂದರೆ ಆಯಿ, "ಹೌದ್ರಿ, ಅದೂ ಐತಿ" ಎನ್ನುವಳು. ನೆರಳು ನೋಡಿ ಕಾಲ ಅಳೆಯಲು ನಿಲ್ಲಿಸಿದ್ದು ಎಂದರೂ, "ಅದೂ ಐತ್ರಿ." ಯಾರ ಮಾತನ್ನೂ ತೆಗೆದುಹಾಕಿದವಳಲ್ಲ.

ಒಂದು ಮುಂಜಾನೆ, ಹೊಲವನ್ನು ಹೊಸದಾಗಿ ಕೊಂಡವನು ಟ್ರ್ಯಾಕ್ಟರ್ ತರಿಸಿ ಬದುವಿನಲ್ಲಿ ನಿಂತಿದ್ದ ಅಂಥದೇ ಕಲ್ಲೊಂದನ್ನು ಕೀಳಲು ಅದಕ್ಕೆ ಸರಪಳಿ ಬಿಗಿಸಿದ. ಅದು ಆಯಿ ಎಂದೂ ಕೈಮುಗಿಯದ ಕಲ್ಲು. ಅವಳು ಓಡಲಿಲ್ಲ, ಕೂಗಲಿಲ್ಲ. ನೆಟ್ಟಗೆ ನಡೆದು ಹೋಗಿ ಹೆಗಲ ಕಂಬಳಿಯನ್ನು ಕಲ್ಲಿಗೆ ಹೊದಿಸಿದಳು. ಸೊಂಟದ ಚೀಲದಿಂದ ಬೀರಪ್ಪನಿಗೆ ಹಾಕುವ ಅರಿಶಿನದ ಪುಡಿ, ಭಂಡಾರ, ತೆಗೆದು ಅದರ ನೆತ್ತಿಗೆ ಎರಚಿದಳು.

"ಈಗ ಎಳೀರಿ" ಎಂದಳು.

ಡ್ರೈವರ್ ಚಪ್ಪಲಿ ಬಿಟ್ಟು ಇಳಿದು ಸರಪಳಿ ಬಿಚ್ಚಿದ. ಹೊಲ ಕೊಂಡವನೂ ಕೈಮುಗಿದ.

ಮನೆಗೆ ಬರುವ ದಾರಿಯಲ್ಲಿ ಕೇಳಿದೆ: "ಆಯಿ, ಆ ಕಲ್ಲೂ ನಿಮ್ಮ ದೇವರೇನು?"

"ಅದೂ ಐತಿ."

"ಯಾವಾಗಿಂದ?"

ಆಯಿ ತಲೆ ಎತ್ತಿಕೊಂಡು ನಡೆಯುತ್ತಲೇ ಹೇಳಿದಳು: "ಇವತ್ತಿನಿಂದ."